ಒಡೆಯದ ಕ್ಯೂಬ್‌ಗಳಿಗೆ ಕೊಟ್ಟ ಟೆಸ್ಟ್ ರಿಪೋರ್ಟ್ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಮೆಟೀರಿಯಲ್ ಟೆಸ್ಟಿಂಗ್ ಲ್ಯಾಬ್

ಮಾನ್ಯರೇ,

ನಾನು ಸೇತುವೆ ಕಾಮಗಾರಿಯಲ್ಲಿ ಕ್ವಾಲಿಟಿ ನೋಡಿಕೊಳ್ಳುವ ಇಂಜಿನಿಯರ್. ನಮ್ಮ ಪಿಯರ್ ಕ್ಯಾಪ್‌ಗೆ (ಕಂಬದ ತಲೆಯ ಮೇಲೆ ತೊಲೆ, ಅಂದರೆ ಗರ್ಡರ್ ಕೂರುವ ಭಾಗ) ಹಾಕಿದ ಕಾಂಕ್ರೀಟ್‌ನ ಒಂಬತ್ತು ಟೆಸ್ಟ್ ಕ್ಯೂಬ್‌ಗಳನ್ನು 28ನೇ ದಿನ ಒಡೆದು ಬಲ ನೋಡಿದ್ದಾಗಿ ನಿಮ್ಮಿಂದ ರಿಪೋರ್ಟ್ ಬಂತು. ಎಲ್ಲಾ ಪಾಸ್. ಎರಡು ದಿನ ಬಿಟ್ಟು ಕಂಬಿ ಸ್ಯಾಂಪಲ್ ಕೊಡಲು ನಿಮ್ಮ ಲ್ಯಾಬ್‌ಗೆ ಬಂದಿದ್ದೆ. ಕ್ಯೂಬ್ ನೆನೆಸಿಡುವ ಕ್ಯೂರಿಂಗ್ ತೊಟ್ಟಿಯ ಕಡೆ ಕಣ್ಣು ಹೋಯಿತು. ಅದೇ ಒಂಬತ್ತು ಕ್ಯೂಬ್ ನೀರಿನಲ್ಲಿ ಹಾಗೇ ಕೂತಿದ್ದವು. ಅವುಗಳ ಮೇಲೆ ಹಳದಿ ಪೇಂಟ್‌ನಲ್ಲಿ ನಂಬರ್ ಬರೆದವನು ನಾನೇ. 7ನೇ ನಂಬರಿನದು ಅಚ್ಚು ಬಿಚ್ಚುವಾಗ ಮೂಲೆಯಲ್ಲಿ ಚಕ್ಕೆ ಎದ್ದಿತ್ತು. ಆ ಮೂಲೆ ಸಮೇತ ಕಣ್ಣಾರೆ ನೋಡಿದೆ.

ವಾಪಸ್ ಬಂದು ರಿಪೋರ್ಟ್ ಮತ್ತೆ ತೆಗೆದೆ. ಒಂಬತ್ತಕ್ಕೂ ತೂಕ 8.10 ಕೆಜಿ. 150 ಮಿ.ಮೀ. ಕ್ಯೂಬ್ ಎಂಟು ಕೆಜಿ ಆಸುಪಾಸು ತೂಗುತ್ತದೆ, ನಿಜ. ಆದರೆ ಚಕ್ಕೆ ಎದ್ದದ್ದೂ ಸೇರಿ ಎಲ್ಲವೂ ಒಂದೇ ತೂಕವಾ? ಲೋಡ್ 1,080, 1,085, 1,090 ಕಿಲೋನ್ಯೂಟನ್ ಅಂತ ಮೆಟ್ಟಿಲು ಹತ್ತಿದ ಹಾಗಿದೆ. ಕ್ಯೂಬ್ ಹೇಗೆ ಒಡೆಯಿತು ಅನ್ನುವ ಕಾಲಂ ಖಾಲಿ. ಸರಿಯಾಗಿ ಒಡೆದರೆ ನಾಲ್ಕೂ ಬದಿ ಉದುರಿ ಮೇಲೊಂದು ಕೆಳಗೊಂದು ಪಿರಮಿಡ್ ಥರ ಉಳಿಯುತ್ತದೆ. ಒಂದೇ ಬದಿ ಸೀಳಿದರೆ ಲೋಡ್ ನಡುವೆ ಬಿದ್ದಿಲ್ಲ ಅಂತ ಅನುಮಾನ ಬರುತ್ತದೆ. ಆ ಕಾಲಂ ಸುಮ್ನೆ ಇಟ್ಟಿದ್ದಲ್ಲ.

ಫೋನ್ ಮಾಡಿದಾಗ ನಿಮ್ಮ ಸಿಬ್ಬಂದಿ ಹೇಳಿದ್ದು: "ಸರ್, ಏಳು ದಿನದ ರಿಸಲ್ಟ್ ಚೆನ್ನಾಗಿತ್ತು, ಅದನ್ನ ನೋಡಿ ಹಾಕಿದ್ವಿ." ಏಳು ದಿನದ ಬಲ ನೋಡಿ ಮುಂದಿನದನ್ನು ಅಂದಾಜು ಮಾಡಬಹುದು. ಅಂದಾಜು ನನಗೂ ಬರುತ್ತದೆ. ನಾವು ದುಡ್ಡು ಕೊಟ್ಟದ್ದು ಒಡೆದು ನೋಡುವುದಕ್ಕೆ.

ಈ ಕ್ಯೂಬ್‌ಗಳು ಮೂರು ಟ್ರಾನ್ಸಿಟ್ ಮಿಕ್ಸರ್‌ಗಳಿಂದ ಮೂರು ಮೂರರಂತೆ ತೆಗೆದವು. ಮೂರನೇ ಗಾಡಿಯ ಸ್ಲಂಪ್ (ಹಸಿ ಕಾಂಕ್ರೀಟ್ ಎಷ್ಟು ಕುಸಿಯುತ್ತದೆ ಅನ್ನುವ ಅಳತೆ) ಮಿತಿಯೊಳಗೇ ಇತ್ತು. ಆದರೂ ಉಳಿದ ಎರಡಕ್ಕಿಂತ ಮಾಲು ತೆಳುವಾಗಿತ್ತು. ದಾರಿಯಲ್ಲಿ ಯಾರಾದರೂ ನೀರು ಹಾಕಿದರಾ ಅಂತ ಅವತ್ತೇ ಕೇಳಿದ್ದೆ, ಇಲ್ಲ ಅಂದರು. ನೀರು ಹೆಚ್ಚಾದರೆ ಬಲ ಕುಗ್ಗುತ್ತದೆ, ಹಾಗಾಗಿ ಆ ಮೂರರ ರಿಸಲ್ಟ್‌ಗೇ ನಾನು ಜಾಸ್ತಿ ಕಾಯುತ್ತಿದ್ದೆ. ನಿಮ್ಮ ರಿಪೋರ್ಟ್‌ನಲ್ಲಿ ಅವೂ ಉಳಿದವುಗಳ ಹಾಗೇ ಇವೆ.

ಗರ್ಡರ್ ಕೂರಿಸುವ ಕೆಲಸ ನಿಲ್ಲಿಸಿದ್ದೇವೆ. 28ನೇ ದಿನ ಕಳೆದುಹೋಗಿದೆ. ಇನ್ನು ಯಾವತ್ತು ಒಡೆದರೂ ಆ ದಿನದ ಬಲ ಸಿಗುವುದಿಲ್ಲ, ನೀರಿನಲ್ಲಿದ್ದಷ್ಟೂ ಕಾಂಕ್ರೀಟ್ ಗಟ್ಟಿಯಾಗುತ್ತಲೇ ಹೋಗುತ್ತದೆ. ಈಗ ಪಿಯರ್ ಕ್ಯಾಪ್‌ನಿಂದಲೇ ಕೋರ್ (ಟೆಸ್ಟ್‌ಗೆ ಕೊರೆದು ತೆಗೆಯುವ ಕಾಂಕ್ರೀಟ್ ತುಂಡು) ತೆಗೆಯಬೇಕಾಗಬಹುದು. ಕಂಬಿ ಒತ್ತೊತ್ತಾಗಿರುವ ಜಾಗ ಅದು. ಸ್ಕ್ಯಾನ್ ಮಾಡಿ, ಕಂಬಿ ತಪ್ಪಿಸಿ, ಚೆನ್ನಾಗಿ ಹಾಕಿದ ಕಾಂಕ್ರೀಟ್ ಕೊರೆಯುವುದು ಅಂದರೆ ಹೊಟ್ಟೆ ಉರಿಯುತ್ತದೆ.

ಆ ರಿಪೋರ್ಟನ್ನು ಲಿಖಿತವಾಗಿ ಹಿಂಪಡೆಯಿರಿ. ಕಳೆದ ಮೂರು ತಿಂಗಳಲ್ಲಿ ನಮಗೆ ಕೊಟ್ಟ ಪ್ರತಿ ಕ್ಯೂಬ್ ರಿಸಲ್ಟ್‌ಗೂ ಮೆಷಿನ್‌ನಲ್ಲಿ ದಾಖಲಾದ ಮೂಲ ರೀಡಿಂಗ್, ಒಡೆದ ದಿನ ಮತ್ತು ಸಮಯ ಬೇಕು. ಮೆಷಿನ್‌ನ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಕೂಡ ಕಳಿಸಿ. ಕೋರ್ ತೆಗೆಯುವ ಖರ್ಚು ನಿಮ್ಮದೇ. ಏಳು ದಿನದೊಳಗೆ ಉತ್ತರ ಬರದಿದ್ದರೆ ನಿಮಗೆ ಮಾನ್ಯತೆ ಕೊಟ್ಟ ಸಂಸ್ಥೆಗೆ ಈ ಪತ್ರ, ರಿಪೋರ್ಟ್, ತೊಟ್ಟಿಯ ಫೋಟೋ ಮೂರನ್ನೂ ಕಳಿಸುತ್ತೇನೆ.

ಅಲ್ಲಿಯವರೆಗೆ ಆ ಒಂಬತ್ತು ಕ್ಯೂಬ್‌ಗಳನ್ನು ಯಾರೂ ಮುಟ್ಟಬೇಡಿ. ನಾನೇ ಬಂದು ಎದುರಿಗೆ ನಿಂತು ಒಡೆಸುತ್ತೇನೆ.

ಇಂತಿ,
ಕ್ವಾಲಿಟಿ ಇಂಜಿನಿಯರ್, ಸೇತುವೆ ಕಾಮಗಾರಿ