ಗೋಡೆಯ ಮೇಲಿನ ಟೈಮ್‌ಟೇಬಲ್ ಮತ್ತು ಬರೋ ಸೋಮವಾರ

ಸಂಪಾದಕರಿಗೆ,

ಮಾನ್ಯರೇ,

ನೇಮಕಾತಿ ಅಧಿಸೂಚನೆಯೊಂದು ಹೊರಬಿದ್ದ ವಾರ ವಿಜಯಪುರದ ಬಾಡಿಗೆ ಕೋಣೆಗಳ ಗೋಡೆ ನೋಡಬೇಕು. ನಸುಕಿನ 4.30ಕ್ಕೆ ಏಳುವುದರಿಂದ ರಾತ್ರಿ 11ಕ್ಕೆ ಮಲಗುವವರೆಗೆ ಗೆರೆ ಎಳೆದು, ಮೂರು ಬಣ್ಣದ ಪೆನ್ನಿನಲ್ಲಿ ತುಂಬಿದ ಟೈಮ್‌ಟೇಬಲ್. ಓದಿನ ಅವಧಿ ಕೂಡಿಸಿದರೆ ದಿನಕ್ಕೆ 14 ತಾಸು. ಎಂಟು ದಿನ ಕಳೆಯುವಷ್ಟರಲ್ಲಿ ಹಾಳೆ ಗೋಡೆಯ ಮೇಲೇ ಇರುತ್ತದೆ, ಓದು ‘ಬರೋ ಸೋಮವಾರದಿಂದ’ ಎಂದಾಗಿರುತ್ತದೆ. ಮನೆಯವರು ಇದನ್ನು ಸೋಮಾರಿತನ ಎನ್ನುತ್ತಾರೆ. ಕೋಚಿಂಗ್ ತರಗತಿಗಳಲ್ಲಿ ಛಲ ಸಾಲದು ಎನ್ನುತ್ತಾರೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಬಗ್ಗೆ ಈ ಎರಡೂ ಮಾತು ಬಹುಮಟ್ಟಿಗೆ ತಪ್ಪು. ಹತ್ತು ತಾಸು ಕುರ್ಚಿ ಬಿಟ್ಟು ಏಳದ ಹುಡುಗನೂ ಓದಬೇಕಾದದ್ದನ್ನು ಮುಂದೂಡುತ್ತಲೇ ಇರಬಹುದು. ದೋಷ ಇರುವುದು ಕೆಲಸವನ್ನು ಹಂಚಿಕೊಂಡ ರೀತಿಯಲ್ಲಿ. ಅದನ್ನು ತಿದ್ದಲು ಬರುತ್ತದೆ.

ಆ ಟೈಮ್‌ಟೇಬಲ್‌ನಲ್ಲಿ ಉಸಿರಾಡಲು ಜಾಗವೇ ಇರುವುದಿಲ್ಲ. ನಳದ ನೀರು ತಡವಾಗಿ ಬಂತು, ಮೆಸ್ಸಿನಲ್ಲಿ ರೊಟ್ಟಿ ಆಗಿರಲಿಲ್ಲ, ಊರಿಂದ ಯಾರೋ ಆಸ್ಪತ್ರೆಗೆಂದು ಬಂದರು ಎಂದರೆ ಸಾಕು, ಬೆಳಗಿನ ಎರಡು ಅವಧಿ ಹೋದವು. ‘ಇವತ್ತಿನ ದಿನಾ ಹೋತು, ನಾಳಿಂದ ಛಲೋ ಓದೂಣು’ ಎಂಬ ಮಾತು ಬರುವುದು ಆಗಲೇ. ಉಳಿದ ಒಂಬತ್ತು ತಾಸು ಕಣ್ಣೆದುರೇ ಇದ್ದರೂ ಅದು ಕೆಟ್ಟ ದಿನವೆಂದು ತೀರ್ಮಾನವಾಗಿರುತ್ತದೆ. ಡ್ಯಾನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವರ್ಸ್ಕಿ ಎಂಬ ಮನೋವಿಜ್ಞಾನಿಗಳು 1979ರಲ್ಲೇ ಈ ಬಗ್ಗೆ ಬರೆದಿದ್ದಾರೆ: ಒಂದು ಕೆಲಸಕ್ಕೆ ಎಷ್ಟು ಹೊತ್ತು ಬೇಕೆಂದು ಅಂದಾಜು ಮಾಡುವಾಗ ಜನ ಎಲ್ಲವೂ ಸುಸೂತ್ರವಾಗಿ ನಡೆಯುವ ದಿನವನ್ನೇ ಕಲ್ಪಿಸಿಕೊಳ್ಳುತ್ತಾರೆ, ಅಂಥದ್ದೇ ಕೆಲಸ ಹಿಂದೆ ಎಷ್ಟು ಎಳೆದಿತ್ತು ಎಂಬುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇದಕ್ಕೆ ಮದ್ದು ಸರಳ, ಆದರೆ ಮೊದಲ ಮೂರು ದಿನ ಬೇಸರ ತರಿಸುತ್ತದೆ. ಏನನ್ನೂ ಬದಲಿಸದೆ, ಕೂತ ಹೊತ್ತು, ಎದ್ದ ಹೊತ್ತು, ಮಾಡಿದ ಕೆಲಸ ಇಷ್ಟನ್ನೇ ಒಂದು ಹಾಳೆಯಲ್ಲಿ ಬರೆಯುತ್ತಾ ಹೋಗಬೇಕು. ಹತ್ತು ತಾಸು ಓದುತ್ತೇನೆ ಎಂದುಕೊಂಡವರಿಗೆ ನಿಜವಾದ ಓದು ನಾಲ್ಕೋ ಐದೋ ತಾಸು ಎಂದು ಕಂಡರೆ ಗಾಬರಿ ಬೇಡ. ಯೋಜನೆ ಹಾಕಬೇಕಾದ್ದು ಆ ನಾಲ್ಕೈದು ತಾಸಿಗೇ. ಅದು ಒಂದು ವಾರ ನಿಂತರೆ ಅರ್ಧ ತಾಸು ಏರಿಸಬಹುದು. ಪ್ರತಿ ನಾಲ್ಕು ಅವಧಿಗೆ ಒಂದನ್ನು ಖಾಲಿ ಬಿಡಬೇಕು, ಅದೂ ದಿನದ ಕೊನೆಯ ಭಾಗದಲ್ಲಿ. ಬೆಳಿಗ್ಗೆ ಜಾರಿದ್ದು ಅಲ್ಲಿ ಕೂಡುತ್ತದೆ. ಅಂದಾಜು ಎಷ್ಟೇ ಇರಲಿ, ಒಂದೂವರೆ ಪಟ್ಟು ಮಾಡಿ ಬರೆದುಕೊಳ್ಳಬೇಕು. ಹತ್ತನೇ ತರಗತಿ ಸಮಾಜ ವಿಜ್ಞಾನದ ಒಂದು ಪಾಠ ಓದಲು 40 ನಿಮಿಷ, ಪುಸ್ತಕ ಮುಚ್ಚಿ ಮುಖ್ಯಾಂಶ ಬರೆಯಲು 15, ಹಳೆ ಪ್ರಶ್ನೆ ಬಿಡಿಸಲು 15 ಎಂದಾದರೆ ಮೊತ್ತ 70 ನಿಮಿಷ. ಹಾಳೆಯ ಮೇಲೆ ಬೀಳಬೇಕಾದ್ದು 105.

ಇನ್ನು ಮುಂದೂಡುವುದು ಏನನ್ನು ಎಂದು ನೋಡಿದರೆ ಎಲ್ಲ ಕಡೆ ಒಂದೇ ಪಟ್ಟಿ: ಮಾನಸಿಕ ಸಾಮರ್ಥ್ಯದ ಲೆಕ್ಕ, ಭಾಷಾಂತರ, ಪ್ರಬಂಧ, ಬಿಡಿಸಿದ ಪ್ರಶ್ನೆಪತ್ರಿಕೆಯ ತಪ್ಪು ತಿದ್ದುವುದು. ಈ ನಾಲ್ಕಕ್ಕೂ ಒಂದೇ ಗುಣ. ಕೂತ ಹತ್ತು ನಿಮಿಷದಲ್ಲಿ ನಮಗೆ ಬರುವುದಿಲ್ಲ ಎಂಬುದನ್ನು ತೋರಿಸಿಬಿಡುತ್ತವೆ. ಆ ಮುಜುಗರದಿಂದ ಪಾರಾಗಲು ಮನಸ್ಸು ಹುಡುಕುವುದು ಕೆಲಸದಂತೆ ಕಾಣುವ ಇನ್ನೊಂದು ಕೆಲಸವನ್ನು. ಟೆಲಿಗ್ರಾಂ ಗುಂಪಿನಿಂದ ಪಿಡಿಎಫ್ ಇಳಿಸಿಕೊಳ್ಳುವುದು, ಅಂದವಾದ ಅಕ್ಷರದಲ್ಲಿ ನೋಟ್ಸ್ ನಕಲು ಮಾಡುವುದು, ರ‍್ಯಾಂಕ್ ಬಂದವರು ಹೇಗೆ ಓದಿದರೆಂಬ ವಿಡಿಯೊ ನೋಡುವುದು. ಇವನ್ನು ಓದು ಎಂದು ಲೆಕ್ಕ ಹಾಕಲೇಬಾರದು. ಬೈದರೆ ಏನೂ ಆಗುವುದಿಲ್ಲ, ಮುಜುಗರ ಇಮ್ಮಡಿಯಾಗಿ ಮುಂದೂಡುವುದೂ ಹೆಚ್ಚುತ್ತದೆ.

ಕೈಗೆ ಸಿಗುವಷ್ಟು ಸಣ್ಣದು ಮಾಡಿದರೆ ಕೆಲಸ ಶುರುವಾಗುತ್ತದೆ. ‘ಗಣಿತ ಓದಬೇಕು’ ಎಂದು ಬರೆದರೆ ಅದು ಕೆಲಸವಲ್ಲ, ಆಸೆ. ‘ಹಿಂದಿನ ವರ್ಷದ ಪತ್ರಿಕೆಯಿಂದ ಶೇಕಡಾ ಲೆಕ್ಕದ 10 ಪ್ರಶ್ನೆ, ರಫ್ ವಹಿಯಲ್ಲಿ, 15 ನಿಮಿಷ’ ಎಂದರೆ ಅದು ಕೆಲಸ. ಹಿಂದಿನ ರಾತ್ರಿಯೇ ಪುಸ್ತಕವನ್ನು ಆ ಪುಟಕ್ಕೆ ತೆರೆದು, ಮೇಲೆ ಪೆನ್ನಿಟ್ಟು ಮಲಗಬೇಕು. ಬೆಳಿಗ್ಗೆ ಯಾವುದನ್ನು ಓದಲಿ ಎಂದು ಆರಿಸುತ್ತಾ ಕೂತರೆ ಆ ಆಯ್ಕೆಯಲ್ಲೇ ಅರ್ಧ ತಾಸು ಹೋಗುತ್ತದೆ, ಕೊನೆಗೆ ಆರಿಸುವುದೂ ಸುಲಭದ್ದನ್ನೇ. ಪ್ರಬಂಧಕ್ಕಾದರೆ ಮೊದಲ ದಿನ ಬರೆಯುವುದೇ ಬೇಡ. ವಿಷಯ ಒಂದು, ಅದಕ್ಕೆ ಎಂಟು ಮುಖ್ಯಾಂಶ, 12 ನಿಮಿಷ. ಮರುದಿನ ಅದರಲ್ಲಿ ಎರಡು ಅಂಶಕ್ಕೆ ಮಾತ್ರ ಪ್ಯಾರಾ.

ಯಾವಾಗ, ಎಲ್ಲಿ ಎಂಬುದನ್ನು ಗಡಿಯಾರಕ್ಕಿಂತ ಒಂದು ಘಟನೆಗೆ ಕಟ್ಟಿಹಾಕುವುದು ಲೇಸು. ಪೀಟರ್ ಗಾಲ್‌ವಿಟ್ಸರ್ ಎಂಬ ಮನೋವಿಜ್ಞಾನಿ 1999ರಲ್ಲಿ ವಿವರಿಸಿದ ಕ್ರಮ ಇದು: ‘ಇಂಥದ್ದು ಆದ ಕೂಡಲೇ ಇಂಥದ್ದು ಮಾಡುತ್ತೇನೆ’ ಎಂದು ಮೊದಲೇ ನಿಶ್ಚಯಿಸಿದವರು ಬರೀ ಗುರಿ ಇಟ್ಟುಕೊಂಡವರಿಗಿಂತ ಹೆಚ್ಚು ಬಾರಿ ಕೆಲಸ ಮುಗಿಸುತ್ತಾರೆ. ‘ಬೆಳಿಗ್ಗೆ 9ಕ್ಕೆ ಭಾಷಾಂತರ’ ಎಂದು ಬರೆದರೆ 9.10 ಆದೊಡನೆ ಮುರಿಯಿತು. ‘ನಾಷ್ಟಾ ಮಾಡಿ ಬಂದು ಚಪ್ಪಲಿ ಬಿಟ್ಟ ಕೂಡಲೇ ಒಂದು ಪ್ಯಾರಾ ಭಾಷಾಂತರ’ ಎಂದರೆ ನಾಷ್ಟಾ ತಡವಾದರೂ ಮುರಿಯುವುದಿಲ್ಲ. ಅಡ್ಡಿಗಳಿಗೂ ಇದೇ ಸೂತ್ರ: ಕರೆಂಟ್ ಹೋದರೆ ಹೊರಗೆ ಕೂತು ಹಿಂದಿನ ದಿನದ ಪಾಠ ಬಾಯಲ್ಲಿ ಹೇಳಿಕೊಳ್ಳುವುದು.

25 ನಿಮಿಷ ಓದು, 5 ನಿಮಿಷ ಬಿಡುವು, ನಾಲ್ಕು ಸುತ್ತಾದ ಮೇಲೆ ದೊಡ್ಡ ಬಿಡುವು ಎಂಬ ಪದ್ಧತಿ ಈಗ ಎಲ್ಲರಿಗೂ ಗೊತ್ತು. ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ 1980ರ ದಶಕದ ಕೊನೆಯಲ್ಲಿ ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ರೂಪಿಸಿದ್ದು. ಇಲ್ಲಿ ಅದು ಕೈಕೊಡುವುದು ಬಿಡುವಿನಲ್ಲಿ. 5 ನಿಮಿಷಕ್ಕೆಂದು ಕೈಗೆತ್ತಿಕೊಂಡ ಫೋನು 40 ನಿಮಿಷವಾದರೂ ಕೆಳಗಿಳಿಯುವುದಿಲ್ಲ. ಟೈಮರ್ ಫೋನಿನಲ್ಲೇ ಇದ್ದರಂತೂ ಬೆಕ್ಕಿನ ಕೈಯಲ್ಲಿ ಹಾಲು ಕೊಟ್ಟಂತೆ. ನೂರಿನ್ನೂರು ರೂಪಾಯಿಯ ಅಲಾರಂ ಗಡಿಯಾರ ಕೊಳ್ಳಿ. ಬಿಡುವಿನಲ್ಲಿ ಎದ್ದು ನೀರು ಕುಡಿದು ಅಂಗಳದಲ್ಲಿ ಎರಡು ಸುತ್ತು ಹಾಕಿದರೆ ಸಾಕು. ಓದುವ ಸಾಮಗ್ರಿಯೇ ಫೋನಿನಲ್ಲಿದೆ ಎನ್ನುವವರು ಆ ವಾರಕ್ಕೆ ಬೇಕಾದ ಇಪ್ಪತ್ತು ಪುಟವನ್ನು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿಕೊಂಡು ಫೋನನ್ನು ಬೇರೆ ಕೋಣೆಯಲ್ಲಿ ಇಡಲಿ. ಸೈಲೆಂಟ್ ಮಾಡಿ ಪಕ್ಕದಲ್ಲೇ ಇಟ್ಟರೆ ಉಪಯೋಗವಿಲ್ಲ. ಇನ್ನೊಂದು, ಈ 25 ನಿಮಿಷ ಎಲ್ಲದಕ್ಕೂ ಹೊಂದುವುದಿಲ್ಲ. ಬೇಸರದ ಕೆಲಸ ಶುರು ಮಾಡಲು ಅದು ಒಳ್ಳೆಯದು. ಪ್ರಬಂಧಕ್ಕೆ 50 ನಿಮಿಷವಾದರೂ ಬೇಕು, ಮಾದರಿ ಪರೀಕ್ಷೆಯನ್ನು ಪೂರ್ಣಾವಧಿ ಏಳದೆ ಬರೆಯಬೇಕು.

ಎಲ್ಲಕ್ಕಿಂತ ದುಬಾರಿಯಾಗುವುದು ಪುನರಾವರ್ತನೆಯನ್ನು ಮುಂದೂಡುವುದು. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹಾಸ್ 1885ರಲ್ಲೇ ತೋರಿಸಿದ ಹಾಗೆ, ಕಲಿತದ್ದರಲ್ಲಿ ಮರೆವು ಮೊದಲ ಕೆಲವು ತಾಸು, ಮೊದಲ ದಿನಗಳಲ್ಲೇ ವೇಗವಾಗಿರುತ್ತದೆ, ಆಮೇಲೆ ನಿಧಾನವಾಗುತ್ತದೆ. ಸಿಲಬಸ್ ಪೂರ್ತಿ ಮುಗಿಸಿ ಕೊನೆಯ ತಿಂಗಳು ರಿವಿಜನ್ ಎನ್ನುವವರು ಆ ಕೊನೆಯ ತಿಂಗಳಲ್ಲಿ ಹೆಚ್ಚುಕಡಿಮೆ ಹೊಸದಾಗಿಯೇ ಓದುತ್ತಿರುತ್ತಾರೆ. ವಹಿಯ ಮೊದಲ ಪುಟದಲ್ಲಿ ಪಾಠದ ಹೆಸರಿನ ಮುಂದೆ ನಾಲ್ಕು ಮನೆ ಎಳೆಯಿರಿ: ಓದಿದ ದಿನ, ಮರುದಿನ, ಏಳನೆಯ ದಿನ, ಇಪ್ಪತ್ತೊಂದನೆಯ ದಿನ. ತಾರೀಖನ್ನು ಮೊದಲೇ ಬರೆದಿಡಿ. ಪ್ರತಿ ಸಲ 10 ನಿಮಿಷ ಸಾಕು, ಆದರೆ ಪುಸ್ತಕ ಮುಚ್ಚಿಟ್ಟು ನೆನಪಿನಿಂದ ಬರೆದು, ಆಮೇಲೆ ತೆರೆದು ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸಬೇಕು. ಗೆರೆ ಎಳೆದ ಸಾಲುಗಳನ್ನೇ ಮತ್ತೆ ಮತ್ತೆ ಓದಿದರೆ ಎಲ್ಲ ಬರುತ್ತದೆ ಎಂಬ ಭ್ರಮೆ ಹುಟ್ಟುತ್ತದೆ.

ಮುಂದೂಡುವ ಚಾಳಿ ಪರೀಕ್ಷಾ ಕೊಠಡಿಯ ಒಳಗೂ ಬರುತ್ತದೆ. ಕೆಎಎಸ್ (ಕರ್ನಾಟಕ ಆಡಳಿತ ಸೇವೆ) ಪೂರ್ವಭಾವಿ ಪರೀಕ್ಷೆಯ ಒಂದು ಪತ್ರಿಕೆಯಲ್ಲಿ 2 ತಾಸಿಗೆ 100 ಪ್ರಶ್ನೆ, ಅಂದರೆ ಪ್ರಶ್ನೆಗೆ 72 ಸೆಕೆಂಡ್. ಉತ್ತರ ಗುರುತಿಸುವ ಓಎಂಆರ್ ಹಾಳೆಯ ವೃತ್ತ ತುಂಬಲು ಒಂದಕ್ಕೆ 5 ಸೆಕೆಂಡ್ ಹಿಡಿದರೂ ನೂರಕ್ಕೆ ಎಂಟು ನಿಮಿಷ ಮೀರುತ್ತದೆ. ಎಲ್ಲ ಬಿಡಿಸಿ ಕೊನೆಗೆ ತುಂಬುತ್ತೇನೆ ಎಂದವರು ಕೊನೆಯ ಐದು ನಿಮಿಷದ ಗಂಟೆ ಬಾರಿಸಿದಾಗ ಸಾಲು ತಪ್ಪಿ, 57ರ ಉತ್ತರವನ್ನು 58ಕ್ಕೆ ತುಂಬಿ, ಅಲ್ಲಿಂದ ಮುಂದಿನದೆಲ್ಲ ತಪ್ಪಾಗುತ್ತದೆ. ತಪ್ಪು ಉತ್ತರಕ್ಕೆ ಕಾಲು ಪಾಲು ಅಂಕ ಕಳೆಯುವ ಪರೀಕ್ಷೆಯಲ್ಲಿ ಇದು ಎರಡು ಕಡೆಯಿಂದ ಪೆಟ್ಟು. 20 ಪ್ರಶ್ನೆಗೊಮ್ಮೆ ನಿಂತು ತುಂಬುವುದು ಸುರಕ್ಷಿತ. ಆ 20ಕ್ಕೆ ಎಲ್ಲ ಸೇರಿ 24 ನಿಮಿಷ ಮೀರಬಾರದು. ಉತ್ತರ ಗೊತ್ತಿಲ್ಲದ ಪ್ರಶ್ನೆಗೂ ಪ್ರತ್ಯೇಕ ವೃತ್ತ ತುಂಬಬೇಕೇ ಎಂಬುದನ್ನು ಆ ಪರೀಕ್ಷೆಯ ಸೂಚನೆಯಲ್ಲಿ ಮೊದಲೇ ಓದಿರಬೇಕು. ಮನೆಯಲ್ಲಿ ಮಾದರಿ ಪತ್ರಿಕೆ ಬಿಡಿಸುವಾಗಲೂ ಓಎಂಆರ್ ಹಾಳೆಯ ಝೆರಾಕ್ಸ್ ಮೇಲೆಯೇ ತುಂಬಿ ಅಭ್ಯಾಸವಾಗಲಿ.

ನಮ್ಮ ಭಾಗದ ಕ್ಯಾಲೆಂಡರ್ ಬೇರೆಯೇ ಇದೆ. ಬೆಂಗಳೂರಿನ ಯಾವುದೋ ಸಂಸ್ಥೆಯ ನೂರು ದಿನದ ಯೋಜನೆಯನ್ನು ಹಾಗೇ ತಂದು ಅಂಟಿಸಿದರೆ ನಡೆಯುವುದಿಲ್ಲ. ಜೂನ್‌ನಲ್ಲಿ ಬಿತ್ತನೆ, ಶ್ರಾವಣದಲ್ಲಿ ಪಂಚಮಿಗೆ ಮನೆಗೆ ಬಂದ ಅಕ್ಕ ತಂಗಿಯರು, ಡಿಸೆಂಬರ್ ಜನವರಿಯಲ್ಲಿ ತೊಗರಿ ರಾಶಿ, ಎಳ್ಳ ಅಮವಾಸ್ಯೆಗೆ ಹೊಲದಲ್ಲಿ ನೈವೇದ್ಯ ಚೆಲ್ಲುವ ಚರಗ, ಸಂಕ್ರಮಣಕ್ಕೆ ಸಿದ್ಧೇಶ್ವರ ಜಾತ್ರೆ, ಫೆಬ್ರುವರಿ ಮಾರ್ಚ್‌ನಲ್ಲಿ ಬಿಳಿಜೋಳದ ಸುಗ್ಗಿ. ಹೊಲ ಇರುವ ಮನೆಯ ಮಕ್ಕಳನ್ನು ಆ ದಿನಗಳಲ್ಲಿ ಊರು ಕರೆದೇ ಕರೆಯುತ್ತದೆ, ಹೋಗಲೂ ಬೇಕು. ಆ ದಿನಗಳನ್ನು ಮೊದಲೇ ಕ್ಯಾಲೆಂಡರ್‌ನಲ್ಲಿ ಹೊಡೆದುಹಾಕಿ, ಉಳಿದ ದಿನಗಳನ್ನಷ್ಟೇ ಹಂಚಿದರೆ ಹೋಗಿಬಂದ ಮೇಲೆ ‘ಎಲ್ಲಾ ಹಿಂದ ಬಿತ್ತು’ ಎಂಬ ಹಳಹಳಿ ಇರುವುದಿಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ತಗಡಿನ ಕೋಣೆಯಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಲೆಕ್ಕ ಬಿಡಿಸುತ್ತೇನೆಂಬುದು ವ್ಯರ್ಥ ಹಟ. ಕಷ್ಟದ ವಿಷಯ ಬೆಳಿಗ್ಗೆ 5.30ರಿಂದ 10ರೊಳಗೆ ಮುಗಿಯಲಿ, ಮಧ್ಯಾಹ್ನ ಪತ್ರಿಕೆ ಓದಲು, ಹಳೆ ಉತ್ತರ ತಾಳೆ ನೋಡಲು, ಅರ್ಧ ತಾಸು ಮಲಗಲು ಇರಲಿ. ಸಿಂದಗಿ, ಇಂಡಿ, ಬಸವನಬಾಗೇವಾಡಿ ಕಡೆಯಿಂದ ದಿನಾ ಬಸ್ಸಿನಲ್ಲಿ ಓಡಾಡುವವರು ಕುಲುಕಾಟದಲ್ಲಿ ಪುಸ್ತಕ ಹಿಡಿಯುವುದಕ್ಕಿಂತ ನಿನ್ನೆಯ ಐದು ಶೀರ್ಷಿಕೆ ನೆನಪಿಸಿಕೊಳ್ಳುವುದು ಮೇಲು. ನಿಂತುಕೊಂಡೂ ಮಾಡಬಹುದು.

ಅರ್ಜಿ ಹಾಕುವುದನ್ನು ಕೊನೆಯ ದಿನಕ್ಕೆ ಇಟ್ಟುಕೊಂಡು ವರ್ಷ ಕಳೆದುಕೊಳ್ಳುವವರು ಈಗಲೂ ಇದ್ದಾರೆ. ಕೊನೆಯ ಸಂಜೆ ಸರ್ವರ್ ನಿಧಾನವಾಗುವುದು ಒಂದು ತೊಂದರೆಯಷ್ಟೇ. ಶುಲ್ಕ ಖಾತೆಯಿಂದ ಕಡಿತವಾಗಿ ಅರ್ಜಿಯಲ್ಲಿ ‘ಬಾಕಿ’ ಎಂದೇ ತೋರಿಸುವುದು, ಸಹಿಯ ಚಿತ್ರ ನಿಗದಿತ ಕೆಬಿ ಮೀರಿ ತಿರಸ್ಕೃತವಾಗುವುದು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರಿಗೂ ಆಧಾರ್ ಹೆಸರಿಗೂ ಇನಿಷಿಯಲ್ ಹೊಂದದಿರುವುದು, ಇವಕ್ಕೆಲ್ಲ ದಿನಗಳು ಬೇಕು. ಜಾತಿ ಮತ್ತು ಆದಾಯ, ಗ್ರಾಮೀಣ ಅಭ್ಯರ್ಥಿ, ಕನ್ನಡ ಮಾಧ್ಯಮ ಪ್ರಮಾಣಪತ್ರಗಳು ನಿಗದಿತ ನಮೂನೆಯಲ್ಲಿ, ಅರ್ಜಿಯ ಕೊನೆಯ ದಿನಾಂಕದೊಳಗೆ ಪಡೆದವೇ ಆಗಿರಬೇಕು ಎಂಬ ಷರತ್ತನ್ನು ಎಷ್ಟೋ ಜನ ಓದುವುದೇ ಇಲ್ಲ. ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಬೀಳುವುದು ಅಲ್ಲಿ. ಅಧಿಸೂಚನೆ ಬಂದ ಮೊದಲ ಮೂರು ದಿನದಲ್ಲಿ ಓದಿಗಿಂತ ಮೊದಲು ಮುಗಿಸಬೇಕಾದ ಕೆಲಸ ಇದು.

ತಂದೆತಾಯಿಗಳಿಗೆ ಒಂದು ಮಾತು. ಫೋನಿನಲ್ಲಿ ‘ತಮ್ಮಾ, ಇವತ್ತ ಎಷ್ಟ ತಾಸ ಓದಿದಿ?’ ಎಂದು ಕೇಳಿದರೆ ಮಕ್ಕಳು ತಾಸಿನ ಸಂಖ್ಯೆ ಹೇಳುವುದನ್ನು ಕಲಿಯುತ್ತಾರೆ. ‘ಇವತ್ತ ಯಾವ ಲೆಕ್ಕ ಬರಲಿಲ್ಲ?’ ಎಂದು ಕೇಳಿ ನೋಡಿ. ಎರಡು ವಾರ ಮೀರಿ ನಿದ್ದೆ ಕೆಟ್ಟು, ಊಟ ಸೇರದೆ, ಮೊದಲು ಇಷ್ಟವಿದ್ದ ಕೆಲಸವೂ ಬೇಡವಾಗಿದ್ದರೆ ಅದನ್ನು ಮುಂದೂಡುವ ಚಾಳಿ ಎಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ದಿನದ 24 ತಾಸೂ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು.

ಕೋಚಿಂಗ್ ಸಂಸ್ಥೆಗಳು ಕೋರ್ಸಿನ ಕೊನೆಗೆ ದೊಡ್ಡ ಪರೀಕ್ಷಾ ಸರಣಿ ಇಡುವ ಬದಲು ಪ್ರತಿ ಶನಿವಾರ ಅದೇ ವಾರದ ಪಾಠದ ಮೇಲೆ 20 ಪ್ರಶ್ನೆ ಕೊಟ್ಟು, ಅರ್ಧ ತಾಸು ತಪ್ಪು ತಿದ್ದಲು ಮೀಸಲಿಡಲಿ. ದೂರದ ಒಂದು ದಿನಾಂಕಕ್ಕಿಂತ ಹತ್ತಿರದ ಹಲವು ದಿನಾಂಕಗಳು ಹೆಚ್ಚು ಕೆಲಸ ಮಾಡಿಸುತ್ತವೆ. ಸಾರ್ವಜನಿಕ ಗ್ರಂಥಾಲಯಗಳು ಬೇಸಿಗೆಯ ಎರಡು ತಿಂಗಳಾದರೂ ವಾಚನಾಲಯವನ್ನು ಬೆಳಿಗ್ಗೆ 6ಕ್ಕೆ ತೆರೆದರೆ ತಗಡಿನ ಕೋಣೆಯವರಿಗೆ ತಂಪಾದ ನಾಲ್ಕು ತಾಸು ಸಿಗುತ್ತವೆ. ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಪ್ರತಿ ಸೋಮವಾರ ಒಂದು ಸಣ್ಣ ಚೌಕ ಬರಲಿ ಎಂಬುದು ವಿನಂತಿ: ಹುದ್ದೆ, ಅರ್ಜಿಯ ಕೊನೆಯ ದಿನ, ಶುಲ್ಕ ಕಟ್ಟುವ ಕೊನೆಯ ದಿನ (ಇವೆರಡೂ ಕೆಲವೊಮ್ಮೆ ಬೇರೆ ಇರುತ್ತವೆ), ಬೇಕಾದ ಪ್ರಮಾಣಪತ್ರಗಳ ಹೆಸರು. ಕೊನೆಯ ದಿನ ಹತ್ತಿರವಾದಾಗ ಅಲ್ಲ, ಅಧಿಸೂಚನೆ ಬಂದ ವಾರವೇ ಅದು ಅಚ್ಚಾಗಬೇಕು.

ಸ್ಪರ್ಧಾತ್ಮಕ ಪರೀಕ್ಷೆಗಳ ಬೋಧಕರೊಬ್ಬರು,
ವಿಜಯಪುರ