ಹೆಡ್ ಇಳಿಸುವ ಮೊದಲು ರೇಡಿಯೇಟರ್ ಮುಚ್ಚಳ ನೋಡಿ

ಮಾನ್ಯ ಸಂಪಾದಕರೇ,

ಕಾರಿನ ಎಂಜಿನ್ ಬಿಸಿ ತೋರಿಸುವ ಮುಳ್ಳು ಒಮ್ಮೆ ಏರಿ ಒಮ್ಮೆ ಇಳಿಯತೊಡಗಿದರೆ ನಮ್ಮಲ್ಲಿ ಮೊದಲು ಕೇಳಿಬರುವ ಮಾತು ‘ಹೆಡ್ ಗ್ಯಾಸ್ಕೆಟ್ ಹೋಗಿದೆ’ ಎಂಬುದು. ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವೆ ಸೋರದಂತೆ ಕೂರಿಸುವ ಹಾಳೆಯೇ ಈ ಗ್ಯಾಸ್ಕೆಟ್. ಆ ಮಾತನ್ನು ನಂಬಿ ಸಾವಿರಾರು ರೂಪಾಯಿ ತೆರುವ ಹಂತಕ್ಕೆ ಬಂದು ಉಳಿದುಕೊಂಡವನು ನಾನು. ಘಟ್ಟ ಹತ್ತಿ ಇಳಿಯದೆ ದಿನ ಕಳೆಯಲಾಗದ ಕೊಡಗಿನ ವಾಹನ ಮಾಲೀಕರಿಗೆ ಉಪಯೋಗವಾದೀತೆಂದು ಈ ಪತ್ರ ಬರೆಯುತ್ತಿದ್ದೇನೆ.

ಕಳೆದ ಜನವರಿಯಲ್ಲಿ ತಾಯಿಯವರನ್ನು ಮಂಗಳೂರಿನಲ್ಲಿ ವೈದ್ಯರಿಗೆ ತೋರಿಸಿಕೊಂಡು ಹಿಂದಿರುಗುವಾಗ, ಸಂಪಾಜೆ ಘಾಟಿಯಲ್ಲಿ ಕೊಯನಾಡು ದಾಟಿದ ಮೇಲೆ ನಮ್ಮ ಹತ್ತು ವರ್ಷ ಹಳೆಯ ಪೆಟ್ರೋಲ್ ಕಾರಿನ ಮುಳ್ಳು ಮುಕ್ಕಾಲಿನವರೆಗೆ ಏರಿ, ಸ್ವಲ್ಪ ಹೊತ್ತಿನಲ್ಲೇ ಅರ್ಧಕ್ಕಿಂತ ಕೆಳಗೆ ಬಿತ್ತು. ಜೋಡುಪಾಲದ ಹತ್ತಿರ ಮತ್ತೆ ಏರಿದಾಗ, ತಾಯಿಗೆ ಚಳಿಯೆಂದು ಹಾಕಿದ್ದ ಹೀಟರಿನಿಂದ ತಣ್ಣನೆಯ ಗಾಳಿ ಬರತೊಡಗಿತು. ಎಂಜಿನ್ ಕಾಯುತ್ತಿರುವಾಗ ಹೀಟರ್ ತಣ್ಣಗಾದರೆ, ಒಳಗೆ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಕಡಿಮೆಯಾಗಿ ಗಾಳಿ ಸೇರಿರುವ ಸಂಭವವೇ ಹೆಚ್ಚು ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಒಂದು ಗ್ಯಾರೇಜಿನಲ್ಲಿ ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾದ ಮೇಲೆ ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್, ಬದಲಾಯಿಸಿದರು, ಇನ್ನೊಂದರಲ್ಲಿ ಬಿಸಿ ಅಳೆಯುವ ಸೆನ್ಸರ್ ಹಾಕಿದರು. ಮೂರನೆಯ ಕಡೆ ಹೆಡ್ ಇಳಿಸಬೇಕು, ಎಂಟು ದಿನ ಗಾಡಿ ಬಿಟ್ಟುಹೋಗಿ ಎಂದರು.

ಕೊನೆಗೆ ಕುಶಾಲನಗರದ ಹಿರಿಯ ಮೆಕ್ಯಾನಿಕ್ ಒಬ್ಬರು, ರಾತ್ರಿ ಗಾಡಿ ಇಲ್ಲೇ ನಿಲ್ಲಲಿ, ಬೆಳಿಗ್ಗೆ ತಣ್ಣಗಿರುವಾಗ ನೋಡೋಣ ಎಂದರು. ಮರುದಿನ ನೋಡಿದರೆ, ರೇಡಿಯೇಟರಿನಿಂದ ಉಕ್ಕಿದ್ದು ಸೇರುವ ಪಕ್ಕದ ಬಾಟಲಿಯಲ್ಲಿ ಕೂಲೆಂಟ್ ಮೇಲಿನ ಗೆರೆಯನ್ನೂ ದಾಟಿ ತುಂಬಿತ್ತು. ಆದರೆ ರೇಡಿಯೇಟರಿನ ಮುಚ್ಚಳ ತೆಗೆದು ಬೆರಳು ಇಳಿಸಿದರೆ ಬೆರಳು ಒದ್ದೆಯಾಗಲಿಲ್ಲ. ಮುಚ್ಚಳದ ಕೆಳಗಿನ ರಬ್ಬರ್ ಗಟ್ಟಿಯಾಗಿ ಉಗುರಿನಷ್ಟು ಅಗಲ ಸೀಳಿತ್ತು. ಅವರು ರೇಡಿಯೇಟರನ್ನು ತುಂಬಿಸಿ, ಅದರ ಬಾಯಿಗೆ ಕೈಪಂಪು ಜೋಡಿಸಿ ಸುಮಾರು 1 ಬಾರ್ ಒತ್ತಡ ಕೊಟ್ಟು ಕಾಲು ಗಂಟೆ ಬಿಟ್ಟರು. ಪಂಪಿನ ಗೇಜು ಕದಲಲಿಲ್ಲ, ಎಲ್ಲಿಯೂ ಒಂದು ಹನಿ ಸೋರಲಿಲ್ಲ. ಗ್ಯಾಸ್ಕೆಟ್ ಹೋದಾಗ ಆಗುವಂತೆ ಎಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿರಲಿಲ್ಲ, ಸೈಲೆನ್ಸರಿನಲ್ಲಿ ಬಿಳಿ ಹೊಗೆಯೂ ಇರಲಿಲ್ಲ. ಗ್ಯಾಸ್ಕೆಟ್ಟನ್ನು ಮುಟ್ಟಬೇಕಾಗಿಲ್ಲ ಎಂದು ಅವರು ಹೇಳಿದ್ದು ಇಷ್ಟನ್ನೆಲ್ಲ ನೋಡಿದ ಮೇಲೆ.

ಈ ಮುಚ್ಚಳದ ಕೆಲಸ ಅಡುಗೆಮನೆಯ ಕುಕ್ಕರಿನದೇ. ಸಾವಿರ ಮೀಟರಿಗಿಂತ ಎತ್ತರದಲ್ಲಿರುವ ಮಡಿಕೇರಿಯಲ್ಲಿ ತೆರೆದ ಪಾತ್ರೆಯ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಏರು ಹತ್ತುವ ಎಂಜಿನ್ನಿನ ಬಿಸಿ ಅದನ್ನು ಸುಲಭವಾಗಿ ದಾಟುತ್ತದೆ. ಮುಚ್ಚಳ ಸರಿಯಾಗಿದ್ದು ಒತ್ತಡ ಹಿಡಿದರೆ ಕುದಿಯುವ ಮಟ್ಟ 115 ಡಿಗ್ರಿಯ ಮೇಲಕ್ಕೆ ಹೋಗುತ್ತದೆ. ಎಂಜಿನ್ ತಣ್ಣಗಾದಾಗ ಬಾಟಲಿಗೆ ಹೋದ ಕೂಲೆಂಟನ್ನು ಮರಳಿ ರೇಡಿಯೇಟರಿಗೆ ಬಿಡುವುದೂ ಇದೇ ಮುಚ್ಚಳದ ಒಳಗಿನ ಪುಟ್ಟ ವಾಲ್ವ್. ನಮ್ಮ ಕಾರಿನಲ್ಲಿ ಕೂಲೆಂಟ್ ಹೊರಗೆ ಹೋಗುತ್ತಿತ್ತು, ಮರಳುತ್ತಿರಲಿಲ್ಲ. ಅದರ ಜಾಗದಲ್ಲಿ ಗಾಳಿ ಸೇರಿ, ಸೆನ್ಸರಿಗೆ ಒಮ್ಮೆ ಹಬೆ, ಒಮ್ಮೆ ಕೂಲೆಂಟ್ ತಗಲಿ ಮುಳ್ಳು ಕುಣಿಯುತ್ತಿತ್ತು. ಹೊಸ ಮುಚ್ಚಳಕ್ಕೆ ಕೆಲವು ನೂರು ರೂಪಾಯಿ ಆಯಿತು. ಬಳಿಕ ರೇಡಿಯೇಟರಿನ ಬಾಯಿ ಎಲ್ಲಕ್ಕಿಂತ ಮೇಲಿರುವಂತೆ ಕಾರನ್ನು ಏರಿನಲ್ಲಿ ನಿಲ್ಲಿಸಿ, ತಣ್ಣಗಿರುವಾಗಲೇ ಮುಚ್ಚಳ ತೆಗೆದು, ಹೀಟರನ್ನು ಪೂರ್ತಿ ತಿರುಗಿಸಿ ಎಂಜಿನ್ ಚಾಲೂ ಮಾಡಿ, ಗುಳ್ಳೆಗಳು ನಿಲ್ಲುವವರೆಗೆ ಸ್ವಲ್ಪಸ್ವಲ್ಪವೇ ಕೂಲೆಂಟ್ ತುಂಬಿದರು. ಥರ್ಮೋಸ್ಟಾಟ್ ಬದಲಿಸಿದವರು ಹೀಗೆ ಗಾಳಿ ತೆಗೆಯದೆ ಬಿಟ್ಟದ್ದರಿಂದ ತೊಂದರೆ ಇನ್ನೂ ಹೆಚ್ಚಿತ್ತು.

ಮುಳ್ಳು ಯಾವಾಗ ಏರುತ್ತದೆ ಎಂಬುದನ್ನು ಗಮನಿಸಿದರೆ ಅರ್ಧ ರೋಗ ತಿಳಿಯುತ್ತದೆ. ಪೇಟೆಯ ಜಾಮಿನಲ್ಲಿ ಏರಿ ರಸ್ತೆಯಲ್ಲಿ ಓಡುವಾಗ ಇಳಿದರೆ ರೇಡಿಯೇಟರಿನ ಫ್ಯಾನ್ ಅಥವಾ ಅದಕ್ಕೆ ಕರೆಂಟ್ ಕೊಡುವ ಸ್ವಿಚ್ಚಾದ ರಿಲೇ ನೋಡಬೇಕು. ಹೆಡ್‌ಲೈಟ್ ಹಾಕಿದೊಡನೆ ಮುಳ್ಳು ಜಿಗಿದರೆ ಅದು ಅರ್ಥ್ ವೈರಿನ ದೋಷ. ಅಷ್ಟು ದೊಡ್ಡ ಎಂಜಿನ್ ಒಂದು ಕ್ಷಣದಲ್ಲಿ ಕಾದು ಒಂದು ಕ್ಷಣದಲ್ಲಿ ಆರಲಾರದು. ತೋಟದ ರಸ್ತೆಯಲ್ಲಿ ಓಡಾಡುವ ಗಾಡಿಗಳಲ್ಲಿ ಮುಂದಿರುವ ಎಸಿ ಕಂಡೆನ್ಸರಿಗೂ (ಎಸಿಯ ಬಿಸಿ ಹೊರಹಾಕುವ ಜಾಲರಿ) ಅದರ ಹಿಂದಿನ ರೇಡಿಯೇಟರಿಗೂ ನಡುವೆ ಮಳೆಗಾಲದ ಕೆಸರು, ತರಗೆಲೆ ಹೆಪ್ಪುಗಟ್ಟಿರುತ್ತದೆ, ಅದನ್ನು ಬಿಡಿಸಿ ನೋಡುವವರು ಕಡಿಮೆ.

ಇನ್ನೊಂದು ಮಾತು. ‘ಇಲ್ಲಿ ಚಳಿಯಿದೆ, ವಾಲ್ವ್ ಬೇಡ’ ಎಂದು ಥರ್ಮೋಸ್ಟಾಟನ್ನೇ ಕಿತ್ತುಹಾಕುವ ಪದ್ಧತಿಯನ್ನು ದಯವಿಟ್ಟು ಬಿಡಬೇಕು. ಅದಿಲ್ಲದ ಎಂಜಿನ್ ಚಳಿಗಾಲದ ಬೆಳಿಗ್ಗೆ ಬೇಗ ಬಿಸಿಯಾಗದೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಏರಿನಲ್ಲಿ ಮುಳ್ಳು ಏರಿ ಇಳಿಜಾರಿನಲ್ಲಿ ಬೀಳುವುದೂ ತಪ್ಪುವುದಿಲ್ಲ. ಬರೀ ತೋಡಿನ ನೀರು ತುಂಬಿಸಿದರೆ ಒಳಗೆ ತುಕ್ಕು ಹಿಡಿಯುತ್ತದೆ. ಘಾಟಿಯಲ್ಲಿ ಮುಳ್ಳು ಕೆಂಪಿಗೆ ಹೋದರೆ ಎಸಿ ನಿಲ್ಲಿಸಿ, ಗಾಡಿಯನ್ನು ಪಕ್ಕಕ್ಕೆ ಹಾಕಿ ಎಂಜಿನ್ ಆರಿಸಿ, ತಣ್ಣಗಾಗುವವರೆಗೆ ಕಾಯಬೇಕು. ಬಿಸಿಯಿರುವಾಗ ಮುಚ್ಚಳ ತೆಗೆದರೆ ಕುದಿಯುವ ಕೂಲೆಂಟ್ ಮುಖಕ್ಕೇ ಚಿಮ್ಮುತ್ತದೆ. ಚೆಲ್ಲಿದ ಕೂಲೆಂಟನ್ನು ಅಂಗಳದಲ್ಲಿ ಬಿಡಬಾರದು. ಸಿಹಿಯೆಂದು ನೆಕ್ಕಿದ ನಾಯಿಗೆ ಅದು ವಿಷ.

ಜಿಲ್ಲೆಯ ಗ್ಯಾರೇಜಿನವರಲ್ಲಿ ನನ್ನ ಕೋರಿಕೆ ಇಷ್ಟೇ. ಹೆಡ್ ಇಳಿಸಬೇಕೆಂದು ಹೇಳುವ ಮೊದಲು ತಣ್ಣಗಿನ ಎಂಜಿನ್ನಿನಲ್ಲಿ ಒತ್ತಡದ ಪರೀಕ್ಷೆಯನ್ನು ಗಾಡಿಯವರ ಎದುರಿಗೇ ಮಾಡಿ, ಗೇಜು ಎಷ್ಟರಲ್ಲಿತ್ತು, ಕಾಲು ಗಂಟೆಯಲ್ಲಿ ಎಷ್ಟಕ್ಕೆ ಇಳಿಯಿತು ಎಂಬುದನ್ನು ಬಿಲ್ಲಿನಲ್ಲಿ ಬರೆದು ಕೊಡಿ.

ಇಂತಿ,
ಒಬ್ಬ ಕಾಫಿ ಬೆಳೆಗಾರ,
ಸುಂಟಿಕೊಪ್ಪ, ಕೊಡಗು