ಸೊನ್ನೆಯ ಮೇಲೆ ಕಣ್ಣಿರಲಿ

ಮಲ್ಲೇಶ್ವರ, ಬೆಂಗಳೂರು

ಚಿ. ಮೇಘನಾಗೆ ದೊಡ್ಡಪ್ಪನ ಆಶೀರ್ವಾದಗಳು.

ಐಐಎಸ್‌ಸಿಯ ಕ್ಲೀನ್‌ರೂಮಿನಲ್ಲಿ ತಲೆಬುರುಡೆಯೊಳಗಿಟ್ಟು ಒತ್ತಡ ಅಳೆಯುವ ನಿನ್ನ ಪ್ರೆಶರ್ ಸೆನ್ಸರ್ ತಯಾರಾಯಿತು ಅಂತ ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಅಕ್ಕಿಕಾಳಿಗಿಂತ ಚಿಕ್ಕದಂತೆ. ಖುಷಿಯಾಯಿತು. ಆದರೆ ಚಿಕ್ಕದು ಮಾಡುವುದರಲ್ಲೇ ಮೈಮರೆಯಬೇಡ. ಎಳೆತ, ಒತ್ತು ಬಿದ್ದರೆ ಸಿಲಿಕಾನಿನ ರೆಸಿಸ್ಟೆನ್ಸ್, ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆ, ಬದಲಾಗುತ್ತದೆ ಎಂದು ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಚಾರ್ಲ್ಸ್ ಸ್ಮಿತ್ 1954ರಲ್ಲೇ ತೋರಿಸಿದ್ದರು. ಒತ್ತಡಕ್ಕೆ ಬಾಗುವ ತೆಳು ಪೊರೆ, ಅದರ ಮೇಲೆ ನಾಲ್ಕು ರೆಸಿಸ್ಟರ್, ಅವುಗಳ ಸಣ್ಣ ಬದಲಾವಣೆಯನ್ನು ಅಳೆಯುವ ವೀಟ್‌ಸ್ಟೋನ್ ಬ್ರಿಡ್ಜ್ ಸರ್ಕ್ಯೂಟ್, ಇದನ್ನೆಲ್ಲ ನಿನಗೆ ನಾನು ಹೇಳಬೇಕಾ?

ನನ್ನ ಚಿಂತೆ ಸೊನ್ನೆಯದು, ಅಂದರೆ ಅಳತೆ ಶುರುವಾಗುವ ಬಿಂದುವಿನದು. ದಿನ ಕಳೆದಂತೆ ಅದು ಜಾರುತ್ತದೆ. ಐಸಿಯುನಲ್ಲಿ ದೇಹದ ಹೊರಗಿಟ್ಟ ಟ್ರಾನ್ಸ್‌ಡ್ಯೂಸರ್, ಅಂದರೆ ಒತ್ತಡವನ್ನು ವಿದ್ಯುತ್ ಸಂಕೇತ ಮಾಡುವ ಸಾಧನ, ಹೀಗೆ ಜಾರಿದರೆ, ನರ್ಸ್ ಅದನ್ನು ಗಾಳಿಗೆ ತೆರೆದು ಮತ್ತೆ ಸೊನ್ನೆಗೆ ತರುತ್ತಾರೆ. ತಲೆಬುರುಡೆಯೊಳಗೆ ಕೂತದ್ದನ್ನು ಯಾರು ತೆರೆಯೋದು? ಮಲಗಿರುವ ದೊಡ್ಡವರ ತಲೆಯೊಳಗಿನ ಒತ್ತಡ ಸುಮಾರು 7ರಿಂದ 15 ಮಿ.ಮೀ. ಪಾದರಸ. 20 ದಾಟಿ ಅಲ್ಲೇ ನಿಂತರೆ ವೈದ್ಯರಿಗೆ ಆತಂಕ. ನಿನ್ನ ಸೆನ್ಸರ್ ತಿಂಗಳಿಗೆ ಒಂದೇ ಮಿ.ಮೀ. ಮೇಲಕ್ಕೆ ಜಾರಿದರೂ, ವರ್ಷದೊಳಗೆ ಚೆನ್ನಾಗಿರುವವನೂ ರೋಗಿಯಾಗಿ ಕಾಣುತ್ತಾನೆ.

ಜಾರುವುದಕ್ಕೆ ಸಿಲಿಕಾನನ್ನೇ ದೂರಬೇಡ. ಚಿಪ್ ಕೂರಿಸಿದ ಅಂಟು, ಮೇಲಿನ ಪಾಲಿಮರ್ ಲೇಪನ ನಿಧಾನಕ್ಕೆ ನೀರು ಹೀರಿ ಉಬ್ಬುತ್ತವೆ, ಪೊರೆಯನ್ನು ಎಳೆಯುತ್ತವೆ. ದೇಹವೂ ಸುಮ್ನೆ ಇರುವುದಿಲ್ಲ, ಹೊರಗಿನ ವಸ್ತು ಅಂತ ಅದರ ಸುತ್ತ ಅಂಗಾಂಶ ಬೆಳೆಸುತ್ತದೆ. ಪ್ಯಾಕೇಜಿಂಗ್, ಅಂದರೆ ಚಿಪ್ಪಿನ ಈ ಅಂಟು-ಹೊದಿಕೆ, ಕೊನೆಗೆ ನೋಡಿದರಾಯಿತು ಅನ್ನುವವರ ಮಾತು ಕೇಳಬೇಡ. 37 ಡಿಗ್ರಿಯ ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಮುಳುಗಿಸಿಟ್ಟು ನೋಡು. ಥೀಸಿಸ್ ತಡವಾಗುತ್ತೆ ಅಂತ ಗೈಡ್ ಗೊಣಗಬಹುದು. ಗೊಣಗಲಿ ಬಿಡು.

ನಿನ್ನದು ನಿರ್ವಾತವನ್ನು ಆಧಾರವಾಗಿ ಇಟ್ಟುಕೊಂಡು ಅಳೆಯುವ ಸೆನ್ಸರ್, ಅಲ್ವಾ? ಹಾಗಾದರೆ ಹೊರಗಿನ ಗಾಳಿಯ ಒತ್ತಡವೂ ಅದರ ಲೆಕ್ಕಕ್ಕೆ ಸೇರುತ್ತದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಜಾಸ್ತಿ ಎತ್ತರದಲ್ಲಿದೆ. ಇಲ್ಲಿಯ ಗಾಳಿಯ ಒತ್ತಡ ಮಂಗಳೂರಿನದಕ್ಕಿಂತ ಸುಮಾರು 75 ಮಿ.ಮೀ. ಪಾದರಸದಷ್ಟು ಕಡಿಮೆ. ರೋಗಿ ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಇಳಿದರೆ ಸಾಕು, ನೀನು ಅಳೆಯಬೇಕಾದ ಒತ್ತಡದ ಹಲವು ಪಟ್ಟು ವ್ಯತ್ಯಾಸ! ಹೊರಗೊಂದು ಬಾರೋಮೀಟರ್ ಇಟ್ಟು, ಅದೇ ಗಳಿಗೆಯ ರೀಡಿಂಗನ್ನು ಕಳೆಯಲೇಬೇಕು.

ಬಿಡುವಾದಾಗ ಕಾರ್ಡಿಯೋಮೆಮ್ಸ್ ಬಗ್ಗೆ ಓದು, ಅದೂ ದೇಹದೊಳಗಿಡುವ ಒತ್ತಡದ ಸೆನ್ಸರೇ. ವೈದ್ಯಕೀಯ ಸಾಧನಗಳಿಗೆ ಅನುಮತಿ ಕೊಡುವ ಅಮೆರಿಕದ ಎಫ್‌ಡಿಎ 2014ರಲ್ಲಿ ಒಪ್ಪಿದ್ದು. ಶ್ವಾಸಕೋಶಕ್ಕೆ ಹೋಗುವ ಅಪಧಮನಿಯಲ್ಲಿ ಕೂರುತ್ತದೆ, ಬ್ಯಾಟರಿಯೇ ಇಲ್ಲ, ಹೊರಗಿನ ಆಂಟೆನಾದಿಂದ ಓದುತ್ತಾರೆ. ನಿನ್ನದರ ಹಾಗೆ ರೆಸಿಸ್ಟರ್ ಇಲ್ಲ, ಕೆಪಾಸಿಟರ್ ಇದೆ. ಅದನ್ನು ಎಷ್ಟು ಜೋಪಾನವಾಗಿ ಸೀಲ್ ಮಾಡಿದ್ದಾರೆ ಅನ್ನುವುದನ್ನು ಗಮನಿಸು.

ಮುಂದಿನ ಸಲ ಬರುವಾಗ ಉಪ್ಪುನೀರಿನ ಗ್ರಾಫ್ ತಾ. ಒತ್ತಡಕ್ಕೆ ಎಷ್ಟು ಸ್ಪಂದಿಸುತ್ತದೆ ಅನ್ನುವ ಸೆನ್ಸಿಟಿವಿಟಿ ಗ್ರಾಫ್ ಬೇಡ, ಅದು ಎಲ್ಲರದ್ದೂ ಚೆನ್ನಾಗಿಯೇ ಇರುತ್ತದೆ.

ಇಂತಿ,
ನಿನ್ನ ದೊಡ್ಡಪ್ಪ